ಆ ಹದಿನಾಲ್ಕನ್ನು ಎಲ್ಲಿಂದ ಎಣಿಸಿದಿರಿ?

ಹೋದ ಮಳೆಗಾಲದಲ್ಲಿ ಮಗುವಾಗಲಿಲ್ಲವೆಂದು ಒಂದು ಜೋಡಿ ಮುಂಬಯಿ ಬಳಿಯ ಡೊಂಬಿವಲಿಯ ನನ್ನ ಕ್ಲಿನಿಕ್ಕಿಗೆ ಗೋಡೆಯ ಕ್ಯಾಲೆಂಡರನ್ನೇ ಕಿತ್ತು ತಂದಿತ್ತು. ಮೇಲ್ತುದಿಯಲ್ಲಿ ಮೊಳೆಯ ತೂತು ಅಗಲವಾಗಿ ಹರಿದಿತ್ತು. ಚೌಕಗಳಲ್ಲಿ ಅತ್ತೆಯವರ ಕೈಬರಹ: ‘ಹಾಲು ಇಲ್ಲ’, ‘ಗ್ಯಾಸ್ ಬಂತು’, ‘ಸಂಕಷ್ಟಿ’. ಇವುಗಳ ನಡುವೆ ಮುಟ್ಟಿಗೊಂದರಂತೆ ಕೆಂಪು ಶಾಯಿಯ ವೃತ್ತ. ಅದು ಮುಟ್ಟು ಶುರುವಾದಂದಿನಿಂದ ಹದಿನಾಲ್ಕನೆಯ ದಿನ, ಗರ್ಭ ನಿಲ್ಲುವ ದಿನವೆಂದು ಅವರ ನಂಬಿಕೆ.

ಹುಡುಗಿ ಠಾಣೆಯ ಬ್ಯಾಂಕೊಂದರಲ್ಲಿ ಕೆಲಸಕ್ಕಿದ್ದಾಳೆ. ಗಂಡ ಪುಣೆಯಲ್ಲಿ ಅಣ್ಣನ ಜೊತೆ ಹೋಟೆಲ್ ನೋಡಿಕೊಳ್ಳುತ್ತಾನೆ. ಕೆಂಪು ವೃತ್ತದ ದಿನ ಬೆಳಗಿನ ತಿಂಡಿಯ ಗದ್ದಲ ಮುಗಿಸಿ ರೈಲು ಹತ್ತಿ ಬರುತ್ತಾನೆ, ಮರುದಿನ ನಸುಕಿನಲ್ಲಿ ಹಿಂದಿರುಗುತ್ತಾನೆ. ಹನ್ನೊಂದು ತಿಂಗಳು ತಪ್ಪದೆ ಹೀಗೆ ನಡೆದಿದೆ.

“ಉಳಿದ ದಿನಗಳಲ್ಲಿ ಮನೆಗೆ ಬರುವುದಿಲ್ಲವೇ?” ಎಂದು ಕೇಳಿದೆ.

“ಬಂದು ಪ್ರಯೋಜನ ಇಲ್ಲವಲ್ಲ ಡಾಕ್ಟರೇ,” ಎಂದ. ಹೆಂಡತಿ ಅವನ ಮುಖ ನೋಡಿದ ರೀತಿಯನ್ನು ನಾನಿಲ್ಲಿ ಬರೆಯಲಾರೆ.

ಆಕೆಗೆ ಪಿಸಿಒಎಸ್ ಇದೆ, ಅಂಡಾಶಯದಿಂದ ಅಂಡಾಣು ಸರಿಯಾಗಿ ಹೊರಬಾರದೆ ಮುಟ್ಟು ಏರುಪೇರಾಗುವ ತೊಂದರೆ. ಕ್ಯಾಲೆಂಡರಿನಲ್ಲೇ ಎಣಿಸಿದೆ. ಒಂದು ಮುಟ್ಟಿನಿಂದ ಮುಂದಿನ ಮುಟ್ಟಿಗೆ 43 ದಿನ, ಆಮೇಲೆ 51, ಆಮೇಲೆ 38, ಆಮೇಲೆ 46. ಈ ಚಕ್ರಗಳಲ್ಲಿ ಅಂಡಾಣು ಬಿಡುಗಡೆಯಾಗಿದ್ದರೆ ಅದು ಸುಮಾರು 29, 37, 24, 32ನೇ ದಿನಗಳಲ್ಲಿ ಆಗಿರಬೇಕು. ಅತಿ ಹತ್ತಿರ ಬಂದ ತಿಂಗಳಲ್ಲೂ ಪಾಪ ಈ ಹುಡುಗ ಹತ್ತು ದಿನ ಮುಂಚೆ ಬಂದು ಹೋಗಿದ್ದ. ವೀರ್ಯಾಣು ಹೆಂಗಸಿನ ದೇಹದಲ್ಲಿ ಹೆಚ್ಚೆಂದರೆ ಐದು ದಿನ ಬದುಕಿರಬಹುದು, ಹತ್ತು ದಿನ ಕಾಯುವುದಿಲ್ಲ. ಹೊರಬಂದ ಅಂಡಾಣುವಂತೂ 12ರಿಂದ 24 ಗಂಟೆ ಮಾತ್ರ.

ಇಪ್ಪತ್ತನಾಲ್ಕು ವರ್ಷಗಳಿಂದ ಈ ಊರಿನಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದೇನೆ. ಹದಿನಾಲ್ಕರ ಹಟ ಹಿಡಿದ ಇಂಥ ಜೋಡಿ ಕಾಣದ ವಾರವಿಲ್ಲ. ಮೊದಲು ಪಂಚಾಂಗದಲ್ಲಿ ಗುರುತು ಹಾಕುತ್ತಿದ್ದರು, ಈಗ ಮೊಬೈಲಿನ ಆ್ಯಪ್ ಆ ದಿನಕ್ಕೆ ತಾನೇ ಹೂವಿನ ಚಿತ್ರ ತೋರಿಸುತ್ತದೆ. ಎಣಿಕೆಯ ತಪ್ಪು ಮಾತ್ರ ಹಾಗೆಯೇ ಉಳಿದಿದೆ.

ಪಿಸಿಒಎಸ್ ಎಂದರೇನು, ಮೈಮೇಲೆ ಕೂದಲು ಏಕೆ, ಮೊಡವೆ ಏಕೆ ಎಂದೆಲ್ಲ ಇಲ್ಲಿ ಬರೆಯುವುದಿಲ್ಲ, ಅದನ್ನು ನೀವು ನನಗಿಂತ ಹೆಚ್ಚು ಓದಿಕೊಂಡಿರುತ್ತೀರಿ. ಒಂದು ಮಾತು ಮಾತ್ರ ಬೇಕು. ಸ್ಕ್ಯಾನಿಂಗ್ ವರದಿ ಹಿಡಿದು ‘ನೀರುಗುಳ್ಳೆ’ ಎಂದು ಅಳುತ್ತೀರಲ್ಲ, ಅವು ಗುಳ್ಳೆಗಳಲ್ಲ. ಅಂಡಾಣುವನ್ನು ಹೊತ್ತ ಪುಟ್ಟ ಕೋಶಗಳು, ಫಾಲಿಕಲ್‌ಗಳು. ಪ್ರತಿ ಚಕ್ರದಲ್ಲಿ ಅವುಗಳಲ್ಲೊಂದು ಉಳಿದವನ್ನು ಹಿಂದಿಕ್ಕಿ 18-20 ಮಿಲಿಮೀಟರ್ ದಾಟಿ ಬೆಳೆದು ಒಡೆಯಬೇಕು. ಪಿಸಿಒಎಸ್ ಇದ್ದವರಲ್ಲಿ ಯಾವುದೂ ಮುಂದಾಳುವಾಗದೆ ಎಲ್ಲವೂ 2ರಿಂದ 9 ಮಿಲಿಮೀಟರಿನಲ್ಲೇ ತಡೆದು ನಿಲ್ಲುತ್ತವೆ. ಕೆಲವು ಸಲ ತಡವಾಗಿ ಒಂದು ಮುಂದೆ ಬರುತ್ತದೆ, ಕೆಲವು ಸಲ ಯಾವುದೂ ಬರುವುದಿಲ್ಲ. ಹಾಗಾಗಿ ಚಕ್ರದ ಮೊದಲರ್ಧ ರಬ್ಬರಿನಂತೆ ಎಳೆದುಕೊಳ್ಳುತ್ತದೆ. ಎರಡನೆಯ ಅರ್ಧ ಹಾಗಲ್ಲ. ಅಂಡಾಣು ಹೊರಬಿದ್ದ ಮೇಲೆ ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರಕ್ಕೆ, ಒಂದೆರಡು ದಿನ ಆಚೀಚೆಯಾಗಿ, ಮುಟ್ಟು ಬಂದೇ ಬರುತ್ತದೆ.

ಹದಿನಾಲ್ಕು ಎಂಬ ಸಂಖ್ಯೆ ಹುಟ್ಟಿದ್ದೇ ಹೀಗೆ. 1920ರ ದಶಕದಲ್ಲಿ ಜಪಾನಿನ ಒಗಿನೊ, ಆಸ್ಟ್ರಿಯಾದ ಕ್ನೌಸ್ ಎಂಬ ವೈದ್ಯರು ಬೇರೆ ಬೇರೆಯಾಗಿ ಇದನ್ನು ಕಂಡುಕೊಂಡರು. ಒಗಿನೊ ಬರೆದದ್ದು, ಅಂಡಾಣು ಬಿಡುಗಡೆ *ಮುಂದಿನ* ಮುಟ್ಟಿಗೆ 12ರಿಂದ 16 ದಿನ ಮೊದಲು ಎಂದು. ಮುಂದಿನ ಮುಟ್ಟಿನಿಂದ ಹಿಂದಕ್ಕೆ. 28 ದಿನದ ಚಕ್ರವಿದ್ದವರಿಗೆ ಹಿಂದಿನಿಂದ ಎಣಿಸಿದರೂ ಮುಂದಿನಿಂದ ಎಣಿಸಿದರೂ ಹದಿನಾಲ್ಕೇ ಬರುತ್ತದೆ. ಆ ಕಾಕತಾಳೀಯ ಶಾಲೆಯ ಪುಸ್ತಕಕ್ಕೆ ಹೋಯಿತು, ಅಲ್ಲಿಂದ ಅಡುಗೆಮನೆಯ ಗೋಡೆಗೆ ಬಂತು.

ಇದನ್ನೆಲ್ಲ ಹೇಳಿ ಮುಗಿಸಿದಾಗ ಹುಡುಗಿಗೆ ಅರ್ಥವಾಗಿತ್ತು. ಗಂಡ ಮಾತ್ರ ಪರೀಕ್ಷೆಯಲ್ಲಿ ಕುಳಿತವನಂತೆ ಫ್ಯಾನ್ ನೋಡುತ್ತಿದ್ದ. ಕೊನೆಗೆ ಅವನ ಭಾಷೆಯಲ್ಲೇ ಕೇಳಿದೆ.

“ಇಡ್ಲಿ ಹಿಟ್ಟು ರುಬ್ಬಿಟ್ಟರೆ ಎಷ್ಟು ಹೊತ್ತಿಗೆ ಹುಳಿ ಬರುತ್ತದೆ?”

“ಅದು ಹೇಗೆ ಹೇಳುವುದು ಡಾಕ್ಟರೇ? ಮೇ ತಿಂಗಳಲ್ಲಿ ಆರೇಳು ಗಂಟೆ ಸಾಕು. ಪುಣೆಯ ಜನವರಿ ಚಳಿಗೆ ಹದಿನಾಲ್ಕು ಗಂಟೆಯಾದರೂ ಮಲಗಿಯೇ ಇರುತ್ತದೆ.”

“ಒಲೆಗೆ ಏರಿಸಿದ ಮೇಲೆ?”

“ಹತ್ತು ಹನ್ನೆರಡು ನಿಮಿಷ. ಚಳಿಗೂ ಅಷ್ಟೇ, ಸೆಕೆಗೂ ಅಷ್ಟೇ.”

“ಏಳು ಗಂಟೆಗೆ ಇಡ್ಲಿ ಇಳಿಯಿತು ಎಂದರೆ ಒಲೆಗೆ ಏರಿದ್ದು ಯಾವಾಗ?”

“ಏಳಕ್ಕೆ ಹತ್ತು ನಿಮಿಷ ಇರುವಾಗ.” ಅಷ್ಟು ಹೇಳಿ ಸುಮ್ಮನಾದ. ಆಮೇಲೆ ಕ್ಯಾಲೆಂಡರನ್ನು ತನ್ನ ಕಡೆಗೆ ಎಳೆದುಕೊಂಡು, ಬೆರಳಿನಿಂದ ಹಿಂದಕ್ಕೆ ಎಣಿಸತೊಡಗಿದ. ರುಬ್ಬಿದ ಹೊತ್ತಿನಿಂದ ಲೆಕ್ಕ ಹಾಕಿ ಇಡ್ಲಿಯ ಸಮಯ ಹೇಳುವವನನ್ನು ಅವನು ತನ್ನ ಹೋಟೆಲಿನಲ್ಲಿ ಒಂದು ದಿನವೂ ಇಟ್ಟುಕೊಳ್ಳಲಾರ.

ಮುಂದಿನ ಪ್ರಶ್ನೆಯನ್ನು ಅವನೇ ಕೇಳಿದ: ಮುಂದಿನ ಮುಟ್ಟು ಯಾವಾಗ ಎಂದು ಗೊತ್ತಿಲ್ಲದೆ ಹಿಂದಕ್ಕೆ ಎಣಿಸುವುದು ಹೇಗೆ? ಎಣಿಸಲಾಗದು. ಚಕ್ರ ಏರುಪೇರಾಗಿರುವವರಿಗೆ ಈ ಲೆಕ್ಕ ನಡೆದುಹೋದದ್ದನ್ನು ತಿಳಿಯಲು ಮಾತ್ರ, ಮುಂದಿನದನ್ನು ಹೇಳಲು ಅಲ್ಲ. ಆದ್ದರಿಂದ ಒಂದು ದಿನವನ್ನು ಹಿಡಿದು ನೇತಾಡಬೇಡಿ, ಎರಡು ಮೂರು ದಿನಕ್ಕೊಮ್ಮೆ ಜೊತೆಯಾಗಿರಿ ಎನ್ನುತ್ತೇನೆ. ಇದನ್ನು ಕೇಳಿ ಜನ ನಿರಾಶರಾಗುತ್ತಾರೆ. ಡಾಕ್ಟರು ಒಂದು ತಾರೀಖು ಬರೆದುಕೊಡುತ್ತಾರೆ ಎಂದು ಬಂದವರಿಗೆ, ಪುಣೆಯ ಹೋಟೆಲಿನಿಂದ ವಾರಕ್ಕೆ ಎರಡು ಸಲ ಬಾ ಎಂದರೆ ಅದೊಂದು ಚಿಕಿತ್ಸೆ ಎನ್ನಿಸುವುದೇ ಇಲ್ಲ.

ಇನ್ನೊಂದು ತೊಡಕಿದೆ. ಮುಟ್ಟು ಬಂತೆಂದ ಮಾತ್ರಕ್ಕೆ ಅಂಡಾಣು ಬಿಡುಗಡೆಯಾಗಿತ್ತು ಎಂದು ಹೇಳಲಾಗದು. ಗರ್ಭಕೋಶದ ಒಳಪದರ ಬೆಳೆಬೆಳೆದು ತಡೆಯಲಾರದೆ ಕಳಚಿ ಬೀಳುವುದೂ ಉಂಟು. ಹೋಟೆಲಿನವನಿಗೆ ಇದನ್ನೂ ಹೇಳಿದೆ: ಹಿಟ್ಟು ಉಕ್ಕಿ ಪಾತ್ರೆಯಿಂದ ಚೆಲ್ಲಿತು, ಆದರೆ ಒಲೆಗೆ ಏರಲೇ ಇಲ್ಲ. ಮಾತ್ರೆ ಕೊಟ್ಟು ತರಿಸುವ ಮುಟ್ಟೂ ಅಂಥದ್ದೇ. ‘ಮದುವೆಗೆ ಮುಂಚೆ ನನಗೆ ಎಲ್ಲವೂ ಸರಿಯಾಗಿತ್ತು’ ಎನ್ನುವವರನ್ನು ವಿಚಾರಿಸಿದರೆ, ಅರ್ಧಕ್ಕರ್ಧ ಮಂದಿ ಆಗ ಹಾರ್ಮೋನ್ ಮಾತ್ರೆ ನುಂಗುತ್ತಿದ್ದರು.

ನಮ್ಮ ಕರಾವಳಿಯವರ ವಿಶೇಷವೊಂದಿದೆ. ಊರಿನಲ್ಲಿ ನಾಗತಂಬಿಲ, ಕೋಲ, ಇಲ್ಲಿ ಗಣಪತಿ, ಆಮೇಲೆ ಯಾರದೋ ಗೃಹಪ್ರವೇಶ. ಪ್ರತಿಯೊಂದಕ್ಕೂ ಮುಟ್ಟು ಮುಂದೂಡುವ ಮಾತ್ರೆಯನ್ನು ಔಷಧಿ ಅಂಗಡಿಯಿಂದ ನೇರವಾಗಿ ತಂದು ನುಂಗುತ್ತಾರೆ. ನಿಲ್ಲಿಸಿದ ಎರಡು ಮೂರು ದಿನಕ್ಕೆ ರಕ್ತಸ್ರಾವವಾಗುತ್ತದೆ. ಮೊಬೈಲು ಅದನ್ನೂ ಮುಟ್ಟೆಂದು ಬರೆದುಕೊಂಡು ಅಲ್ಲಿಂದ ಹದಿನಾಲ್ಕು ಎಣಿಸುತ್ತದೆ! ಮಗುವಿಗಾಗಿ ಪ್ರಯತ್ನಿಸುತ್ತಿರುವವರು ಕೇಳದೆ ಈ ಮಾತ್ರೆ ಮುಟ್ಟಬಾರದು, ಅಷ್ಟು ಹೊತ್ತಿಗೆ ಗರ್ಭ ನಿಂತಿರಲೂಬಹುದು. ದೇವರಿಗೆ ಮುಟ್ಟಿನ ಅಡ್ಡಿ ಇದೆಯೇ ಎಂಬ ಚರ್ಚೆ ನನ್ನದಲ್ಲ. ಇದ್ದರೂ ನನ್ನ ತಾಯಿಯಂತೆ ಆ ದಿನ ಹೊರಗೆ ಕುಳಿತು ಊಟದ ಉಸ್ತುವಾರಿ ನೋಡಿಕೊಳ್ಳಬಹುದಲ್ಲ.

ಮೂತ್ರದಲ್ಲಿ ಎಲ್‌ಎಚ್ ನೋಡುವ ಪಟ್ಟಿಗಳ ಬಗ್ಗೆಯೂ ಕೇಳುತ್ತೀರಿ. ಎಲ್‌ಎಚ್ ಎಂದರೆ ಅಂಡಾಣು ಹೊರಬೀಳುವ ಮುನ್ನ ಏರುವ ಹಾರ್ಮೋನ್, ಅದು ಏರಿದರೆ ಪಟ್ಟಿಯಲ್ಲಿ ಎರಡು ಗಾಢ ಗೆರೆ. ಒಬ್ಬ ಟೀಚರ್ ಮೂವತ್ತೆರಡು ಪಟ್ಟಿಗಳನ್ನು ನೋಟ್‌ಬುಕ್ಕಿನಲ್ಲಿ ಸಾಲಾಗಿ ಅಂಟಿಸಿ, ಕೆಳಗೆ ತಾರೀಖು ಬರೆದು ತಂದಿದ್ದರು. ಹಾಳೆ ತಿರುಗಿಸಿದಷ್ಟೂ ಎರಡು ಗೆರೆ. ಪಿಸಿಒಎಸ್ ಇರುವ ಹಲವರಲ್ಲಿ ಎಲ್‌ಎಚ್ ಯಾವಾಗಲೂ ಏರಿಯೇ ಇರುತ್ತದೆ, ಪಟ್ಟಿಗೆ ಅದೆಲ್ಲ ತಿಳಿಯದು. ಕೆಲವರಿಗೆ ಇದು ಕೆಲಸ ಮಾಡುತ್ತದೆ, ಹಾಗಾಗಿ ಬೇಡವೇ ಬೇಡ ಎನ್ನುವುದಿಲ್ಲ.

ಪ್ರಯೋಗಾಲಯದವರಿಗೂ ಇದೇ ಜಾಡ್ಯ. ‘21ನೇ ದಿನದ ಪ್ರೊಜೆಸ್ಟರೋನ್’ ಪರೀಕ್ಷೆ ಎಂದು ಪ್ಯಾಕೇಜಿನಲ್ಲಿ ಸೇರಿಸಿರುತ್ತಾರೆ. ಅಂಡಾಣು ಹೊರಬಿದ್ದ ಮೇಲೆ ಏರುವ ಈ ಹಾರ್ಮೋನನ್ನು ಮುಂದಿನ ಮುಟ್ಟಿಗೆ ಒಂದು ವಾರ ಇರುವಾಗ ನೋಡುವುದು ಅದರ ಉದ್ದೇಶ. 28 ದಿನದವರಿಗೆ 21 ಸರಿ. 42 ದಿನದವರಿಗೆ ಅದು 35ನೇ ದಿನ. 21ಕ್ಕೇ ರಕ್ತ ಕೊಟ್ಟು ‘ಅಂಡಾಣು ಬರುತ್ತಿಲ್ಲ’ ಎಂಬ ಹಣೆಪಟ್ಟಿ ಹೊತ್ತು ಬಂದವರನ್ನು ಎಷ್ಟು ಜನರನ್ನು ನೋಡಿದ್ದೇನೋ.

ಹಾಗಾದರೆ ಚಿಕಿತ್ಸೆ? ಪ್ರತಿಯೊಬ್ಬರ ದೇಹ ಬೇರೆ, ಇದನ್ನು ಓದಿ ಯಾರೂ ಔಷಧಿ ಅಂಗಡಿಗೆ ಹೋಗಬೇಡಿ. ಚಕ್ರ ಏರುಪೇರಾಗಿದ್ದರೆ ವರ್ಷಗಟ್ಟಲೆ ಕಾಯದೆ ಬೇಗ ಬನ್ನಿ. ತೂಕ ಹೆಚ್ಚಿದ್ದವರು ನೂರಕ್ಕೆ ಐದರಷ್ಟು ಇಳಿಸಿದರೂ ಕೆಲವರಲ್ಲಿ ಅಂಡಾಣು ತಾನಾಗಿ ಹೊರಡುತ್ತದೆ, ಎಲ್ಲರಲ್ಲಿ ಅಲ್ಲ. ಗಂಡನ ವೀರ್ಯ ಪರೀಕ್ಷೆ ಮೊದಲ ವಾರವೇ ಆಗಲಿ. ಹೆಂಡತಿಗೆ ಆರು ಬಗೆಯ ಸ್ಕ್ಯಾನಿಂಗ್ ಮಾಡಿಸಿ, ಗಂಡನನ್ನು ಒಂದು ಸಣ್ಣ ಡಬ್ಬಿಯ ಹತ್ತಿರಕ್ಕೂ ಕಳಿಸದ ಮನೆಗಳ ಬಗ್ಗೆ ಬರೆಯಲು ಹೊರಟರೆ ಸಂಪಾದಕರು ಕತ್ತರಿ ಹಾಕುತ್ತಾರೆ.

ಅಂಡಾಣು ಬಿಡುಗಡೆಗೆ ನಾವು ಮೊದಲು ಬಳಸುವುದು ಲೆಟ್ರೋಝೋಲ್. ಚೀಟಿ ಕೊಟ್ಟ ಸಂಜೆಯೇ ಫೋನ್ ಬರುತ್ತದೆ: “ಡಾಕ್ಟರೇ, ಅಂಗಡಿಯವರು ಇದು ಕ್ಯಾನ್ಸರ್ ಮಾತ್ರೆ ಎನ್ನುತ್ತಾರೆ.” ಹೌದು, ಸ್ತನ ಕ್ಯಾನ್ಸರಿಗೆ ಬಂದ ಔಷಧವೇ. ನಮ್ಮ ದೇಶದಲ್ಲಿ 2011ರಲ್ಲಿ ಬಂಜೆತನದ ಚಿಕಿತ್ಸೆಗೆ ಇದರ ಬಳಕೆಯನ್ನು ನಿಷೇಧಿಸಿದ್ದರು, 2017ರಲ್ಲಿ ಆ ನಿಷೇಧ ಹೋಯಿತು. ನಡುವೆ 2014ರಲ್ಲಿ, ಪಿಸಿಒಎಸ್ ಇದ್ದ 750 ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನದ ಫಲಿತಾಂಶ ಬಂತು. ಐದು ಚಕ್ರಗಳವರೆಗಿನ ಚಿಕಿತ್ಸೆಯಲ್ಲಿ ಲೆಟ್ರೋಝೋಲ್ ಪಡೆದವರಲ್ಲಿ ಶೇ. 27.5 ಮಂದಿಗೆ, ಹಳೆಯ ಕ್ಲೋಮಿಫೀನ್ ಪಡೆದವರಲ್ಲಿ ಶೇ. 19.1 ಮಂದಿಗೆ ಮಗು ಹುಟ್ಟಿತು. ಮೊದಲ ತಿಂಗಳೇ ಫಲ ಬರಲಿಲ್ಲವೆಂದು ಡಾಕ್ಟರನ್ನು ಬದಲಿಸುವವರು ಆ ಸಂಖ್ಯೆಯನ್ನು ಇನ್ನೊಮ್ಮೆ ನೋಡಿ, ಐದು ಚಕ್ರಗಳಾದ ಮೇಲೂ ನೂರರಲ್ಲಿ ಇಪ್ಪತ್ತೇಳು. ಮಾತ್ರೆ ಕೊಟ್ಟಾಗಲೂ ನಾನು ಹದಿನಾಲ್ಕನ್ನು ನಂಬುವುದಿಲ್ಲ. ಸ್ಕ್ಯಾನಿಂಗಿನಲ್ಲಿ ಫಾಲಿಕಲ್ ಅಳೆದು ನೋಡುತ್ತೇನೆ.

ನನಗೆ ಇಷ್ಟು ಸಿಟ್ಟು ಏಕೆ ಎಂದು ಕೇಳಿದರೆ, ಎರಡು ವರ್ಷದ ಹಿಂದೆ ಮುಲುಂಡಿನಿಂದ ಬಂದ ಒಬ್ಬಳ ವಿಷಯ ಹೇಳಬೇಕು. ಮದುವೆಯಾಗಿ ಆರು ವರ್ಷ. ಔಷಧಿಯಿಲ್ಲದೆ ತಾನಾಗಿ ಗರ್ಭ ನಿಂತಿತ್ತು. ಕೊನೆಯ ಮುಟ್ಟಿನಿಂದ ಎಣಿಸಿದರೆ 8 ವಾರ 2 ದಿನ. ಬೇರೆಡೆ ಮಾಡಿಸಿದ ಸ್ಕ್ಯಾನಿಂಗಿನಲ್ಲಿ ಗರ್ಭದ ಚೀಲ ಕಂಡಿತ್ತು, ಮಗು ಕಂಡಿರಲಿಲ್ಲ. ಬೆಳವಣಿಗೆ ಇಲ್ಲ, ತೆಗೆಸಿಬಿಡಿ ಎಂದು ಹೇಳಿ ಮಾತ್ರೆಯನ್ನೂ ಬರೆದುಕೊಟ್ಟಿದ್ದರು. ಮಾತ್ರೆ ಅವಳ ಕೈಚೀಲದಲ್ಲೇ ಇತ್ತು. ಅಳುತ್ತಿರಲಿಲ್ಲ, ಜಿಪ್ಪನ್ನು ಎಳೆಯುವುದು, ಮುಚ್ಚುವುದು, ಮತ್ತೆ ಎಳೆಯುವುದು ಮಾಡುತ್ತಿದ್ದಳು.

ಹಳೆಯ ಚಕ್ರ ಎಷ್ಟು ದಿನದ್ದು ಎಂದು ಕೇಳಿದೆ. ಐವತ್ತು, ಕೆಲವೊಮ್ಮೆ ಐವತ್ತೈದು ಎಂದಳು. ಆ ಪ್ರಶ್ನೆಯನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಗರ್ಭದ ವಾರಗಳನ್ನು ಎಣಿಸುವ ಪದ್ಧತಿಯೂ ಹದಿನಾಲ್ಕನೆಯ ದಿನ ಅಂಡಾಣು ಬಂತೆಂದೇ ನಂಬಿ ನಡೆಯುತ್ತದೆ. ಇವಳದು 36ರ ಸುಮಾರಿಗೆ ಬಂದಿದ್ದರೆ, ಗರ್ಭಕ್ಕೆ ಎಂಟು ವಾರ ಆಗಿಯೇ ಇಲ್ಲ, ಐದು ಆಗಿದೆ. ಐದು ವಾರಕ್ಕೆ ಚೀಲ ಮಾತ್ರ ಕಾಣುವುದೇ ಸರಿ. ಹಾಗೆಂದು ಭರವಸೆ ಕೊಡಲೂ ನನಗೆ ಧೈರ್ಯವಿರಲಿಲ್ಲ, ನಿಜವಾಗಿಯೂ ಬೆಳವಣಿಗೆ ನಿಂತಿರಬಹುದಿತ್ತು. ಹದಿನೈದು ದಿನ ಕಾಯೋಣ, ಹೊಟ್ಟೆನೋವು, ರಕ್ತಸ್ರಾವ ಕಂಡರೆ ರಾತ್ರಿಯಾದರೂ ಫೋನ್ ಮಾಡು ಎಂದಷ್ಟೇ ಹೇಳಿದೆ. ಎರಡು ವಾರ ಬಿಟ್ಟು ನೋಡಿದಾಗ 10 ಮಿಲಿಮೀಟರಿನ ಒಂದು ಜೀವ, ಅದರ ನಡುವೆ ಮಿಣುಕುವ ಎದೆಬಡಿತ. ಅವಳು ಕೈಚೀಲದಿಂದ ಮಾತ್ರೆ ತೆಗೆದು ನನ್ನ ಮೇಜಿನ ಮೇಲಿಟ್ಟು ಎದ್ದು ಹೋದಳು.

ಹೆರಿಗೆಯ ತಾರೀಖನ್ನು ಸ್ಕ್ಯಾನಿಂಗ್ ಪ್ರಕಾರ 22 ದಿನ ಮುಂದಕ್ಕೆ ಬರೆದುಕೊಟ್ಟೆ. ಆದರೆ ಮನೆಯವರು ಕೊನೆಯ ಮುಟ್ಟಿನಿಂದ ಎಣಿಸಿದ ಹಳೆಯ ತಾರೀಖನ್ನೇ ಉಡುಪಿಗೆ ಫೋನಿನಲ್ಲಿ ತಿಳಿಸಿದ್ದರು. ಅದನ್ನೇ ನೆಚ್ಚಿ ಹುಡುಗಿಯ ತಾಯಿ ಮತ್ಸ್ಯಗಂಧ ರೈಲಿಗೆ ಟಿಕೆಟ್ ಮಾಡಿಸಿ, ಬಾಣಂತಿ ಮದ್ದಿನ ಗಂಟು ಹೊತ್ತು ಬಂದಿಳಿದರು. ಮೂರು ವಾರ ಮುಲುಂಡಿನ ಆ ಒಂದು ಕೋಣೆಯ ಮನೆಯಲ್ಲಿ ಬೀಗಿತ್ತಿಯ ಎದುರು ಕೂತು, “ಈ ಡಾಕ್ಟರಿಗೆ ಲೆಕ್ಕ ಬರುವುದಿಲ್ಲ” ಎಂದು ದಿನಕ್ಕೆರಡು ಸಲ ಹೇಳುತ್ತಿದ್ದರಂತೆ.