ಒಂದು ಹೆಡರ್ ಫೈಲಿನ ಜಗಳ: ಆಡಿಯೊ ಸಾಫ್ಟ್‌ವೇರ್ ಮತ್ತು ಲೈಸೆನ್ಸಿನ 30 ವರ್ಷ

ಕೆಲವು ವರ್ಷಗಳ ಹಿಂದೆ ಧ್ವನಿ ರೆಕಾರ್ಡ್ ಮಾಡಿ ಕತ್ತರಿಸುವ ಆಡಾಸಿಟಿ ಎಂಬ ಉಚಿತ ಸಾಫ್ಟ್‌ವೇರ್ ಬಳಸಿದವರಿಗೆ ಒಂದು ಪುಟ್ಟ ಕಿಟಕಿ ನೆನಪಿರಬಹುದು. ರೆಕಾರ್ಡಿಂಗ್ ಮುಗಿಸಿ, ಕೆಮ್ಮು-ಉಸಿರಿನ ಸದ್ದೆಲ್ಲ ಕತ್ತರಿಸಿ, ಎಂಪಿ3 ಆಗಿ ಉಳಿಸಲು ಹೋದರೆ ಅದು ಎಂಪಿ3 ಮಾಡಿಕೊಡುವ ‘ಲೇಮ್’ ಎಂಬ ಡಿಎಲ್ಎಲ್ ಫೈಲ್ ಎಲ್ಲಿದೆ ಎಂದು ಕೇಳುತ್ತಿತ್ತು. ಆ ಫೈಲನ್ನು ಬೇರೆ ಕಡೆಯಿಂದ ಇಳಿಸಿಕೊಂಡು, ಯಾವ ಫೋಲ್ಡರಿನಲ್ಲಿದೆ ಎಂದು ತೋರಿಸಬೇಕಿತ್ತು. ಪುಕ್ಕಟೆ ಸಿಗುವ ಸಾಫ್ಟ್‌ವೇರ್ ಅಂದರೆ ಇಷ್ಟೇ ಅಲ್ವಾ ಎಂದು ಎಷ್ಟೋ ಜನ ಸುಮ್ಮನಾದರು.

ಆದರೆ ಕೋಡಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಎಂಪಿ3 ವಿಧಾನದ ಮೇಲೆ ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಮತ್ತು ಇನ್ನೂ ಕೆಲವರ ಪೇಟೆಂಟುಗಳಿದ್ದವು. 1998ರ ಸೆಪ್ಟೆಂಬರಿನಲ್ಲಿ ಫ್ರೌನ್‌ಹೋಫರ್, ಉಚಿತವಾಗಿ ಎಂಪಿ3 ಎನ್‌ಕೋಡರ್ (ಧ್ವನಿಯನ್ನು ಎಂಪಿ3 ಆಗಿಸುವ ಪ್ರೋಗ್ರಾಮ್) ಬರೆಯುತ್ತಿದ್ದವರಿಗೆ ಪತ್ರ ಕಳಿಸಿ ಲೈಸೆನ್ಸ್ ಹಣ ಕೇಳಿತು. ಪೇಟೆಂಟ್ ಇಲ್ಲದ ಓಗ್ ವೋರ್ಬಿಸ್ ಎಂಬ ಇನ್ನೊಂದು ಧ್ವನಿ ವಿಧಾನದ ಕೆಲಸಕ್ಕೆ ವೇಗ ಬಂದಿದ್ದೇ ಆ ಪತ್ರದಿಂದ. ಎಂಪಿ3 ಪೇಟೆಂಟುಗಳ ಅವಧಿ 2017ರಲ್ಲಿ ಮುಗಿಯಿತು. 2019ರಲ್ಲಿ ಬಂದ ಆಡಾಸಿಟಿ 2.3.2ರಲ್ಲಿ ಲೇಮ್ ಒಳಗೇ ಸೇರಿಕೊಂಡಿತು. ಆ ಕಿಟಕಿ ಮಾಯವಾಯಿತು.

ಪೇಟೆಂಟಿಗೆ 20 ವರ್ಷದ ಆಯಸ್ಸು. ಕಾಯ್ದರೆ ಮುಗಿಯುತ್ತದೆ. ಕಾಪಿರೈಟ್ ಹಾಗಲ್ಲ, ಅದು ಮುಗಿಯಲಿ ಎಂದು ಕಾಯುತ್ತಾ ಕೂತರೆ ನಮ್ಮ ಆಯಸ್ಸೇ ಮುಗಿಯುತ್ತದೆ. ಆಡಿಯೊ ಜಗತ್ತಿನ ದೊಡ್ಡ ಲೈಸೆನ್ಸ್ ಜಗಳ ನಡೆದದ್ದು ಈ ಎರಡನೆಯದರ ಮೇಲೆ. ಅದು ವಿಎಸ್‌ಟಿ ಕಥೆ.

ಜರ್ಮನಿಯ ಹ್ಯಾಂಬರ್ಗಿನ ಸ್ಟೈನ್‌ಬರ್ಗ್ ಕಂಪನಿ 1996ರಲ್ಲಿ ತನ್ನ ಕ್ಯೂಬೇಸ್ ಎಂಬ ಸಂಗೀತ ಸಾಫ್ಟ್‌ವೇರ್ ಜೊತೆ ವಿಎಸ್‌ಟಿ ಎಂಬ ವಿಧಾನ ತಂದಿತು. ಅದಕ್ಕೂ ಮುಂಚೆ ಧ್ವನಿ ತಿದ್ದುವ ರಿವರ್ಬ್, ಕಂಪ್ರೆಸರ್, ಇಕ್ವಲೈಸರ್ ಬೇಕೆಂದರೆ ಬೇರೆ ಬೇರೆ ಪೆಟ್ಟಿಗೆಗಳನ್ನೇ ಕೊಳ್ಳಬೇಕಿತ್ತು. ಈಗ ಅವು ಪ್ಲಗಿನ್ ಎಂಬ ಪುಟ್ಟ ಪ್ರೋಗ್ರಾಮುಗಳಾದವು. ಅವನ್ನು ಒಳಗೆ ತೆಗೆದುಕೊಂಡು ನಡೆಸುವ ದೊಡ್ಡ ಪ್ರೋಗ್ರಾಮಿಗೆ ಹೋಸ್ಟ್ ಎನ್ನುತ್ತಾರೆ. ಸ್ಟೈನ್‌ಬರ್ಗ್ ಈ ವಿಧಾನವನ್ನು ಬೇರೆ ಕಂಪನಿಗಳಿಗೂ ಬಿಟ್ಟುಕೊಟ್ಟಿತು. 1999ರ ವಿಎಸ್‌ಟಿ 2ರಲ್ಲಿ ವಾದ್ಯಗಳೂ ಪ್ಲಗಿನ್ ಆಗಿ ಬಂದವು. ಕೆಲವೇ ವರ್ಷಗಳಲ್ಲಿ ಪ್ಲಗಿನ್ ಅಂದರೆ ವಿಎಸ್‌ಟಿ ಎನ್ನುವ ಹಾಗಾಯಿತು.

ಪ್ಲಗಿನ್ ಬರೆಯಲು ಬೇಕಾದ ಎಸ್‌ಡಿಕೆ ಎಂಬ ಫೈಲುಗಳ ಕಟ್ಟಿಗೆ ಸ್ಟೈನ್‌ಬರ್ಗ್ ದುಡ್ಡು ಕೇಳಲಿಲ್ಲ. ಒಪ್ಪಂದಕ್ಕೆ ಹ್ಞೂಂ ಅಂದರೆ ಸಾಕು, ಸಿಗುತ್ತಿತ್ತು. ಆದರೆ ಅದರಲ್ಲಿದ್ದ ಹೆಡರ್ ಫೈಲುಗಳನ್ನು, ಅಂದರೆ ಪ್ಲಗಿನ್ ಮತ್ತು ಹೋಸ್ಟ್ ಹೇಗೆ ಮಾತಾಡಬೇಕು ಎಂದು ಹೇಳುವ ಫೈಲುಗಳನ್ನು, ನೀವು ಇನ್ನೊಬ್ಬರಿಗೆ ಹಂಚುವ ಹಾಗಿರಲಿಲ್ಲ. ಬೇಕಾದವರು ಕಂಪನಿಯಿಂದಲೇ ಪಡೆಯಬೇಕು. ಮುಚ್ಚಿದ ಸಾಫ್ಟ್‌ವೇರ್ ಮಾಡುವವರಿಗೆ ಇದು ಲೆಕ್ಕಕ್ಕೇ ಇಲ್ಲದ ಷರತ್ತು. ಅವರು ಹೇಗೂ ಸೋರ್ಸ್ ಕೋಡ್, ಅಂದರೆ ಪ್ರೋಗ್ರಾಮಿನ ಮೂಲ ಬರಹ, ಕೊಡುವುದಿಲ್ಲವಲ್ಲ.

ಸಿಕ್ಕಿಬಿದ್ದವರು ಜಿಪಿಎಲ್ ಲೈಸೆನ್ಸಿನವರು. ಪ್ರೋಗ್ರಾಮ್ ಪಡೆದವರಿಗೆ ಅದರ ಪೂರ್ತಿ ಸೋರ್ಸ್ ಸಿಗಬೇಕು, ತಿದ್ದುವ ಮತ್ತು ಹಂಚುವ ಹಕ್ಕು ಸಿಗಬೇಕು, ಆ ಹಕ್ಕಿನ ಮೇಲೆ ಹೊಸ ನಿರ್ಬಂಧ ಹೇರಬಾರದು. ಜಿಪಿಎಲ್‌ನ ಜೀವ ಇರುವುದೇ ಇದರಲ್ಲಿ. ಪೂರ್ತಿ ಸೋರ್ಸ್ ಅಂದಮೇಲೆ ಹೆಡರ್ ಫೈಲೂ ಅದರಲ್ಲಿ ಬರಬೇಕು. ಅದನ್ನು ಕೊಟ್ಟರೆ ಸ್ಟೈನ್‌ಬರ್ಗ್ ಒಪ್ಪಂದ ಮುರಿಯುತ್ತದೆ, ಕೊಡದಿದ್ದರೆ ಜಿಪಿಎಲ್ ಮುರಿಯುತ್ತದೆ.

ಇದರ ಫಲ ಅನುಭವಿಸಿದ್ದು ಬಳಸುವವರು. ಆಡಾಸಿಟಿಯಲ್ಲಿ ವಿಎಸ್‌ಟಿ ಬೇಕೆಂದರೆ ‘ವಿಎಸ್‌ಟಿ ಎನೇಬ್ಲರ್’ ಎಂಬ ತುಂಡನ್ನು ಬೇರೆಯಾಗಿ ಇಳಿಸಿಕೊಳ್ಳಬೇಕಿತ್ತು. ಪಾಲ್ ಡೇವಿಸ್ ಕಟ್ಟಿದ ಆರ್ಡೋರ್ ಎಂಬ ಮುಕ್ತ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಂತೂ ಇನ್ನೂ ಕಷ್ಟ. ಎಸ್‌ಡಿಕೆಯನ್ನು ನೀವೇ ತಂದು, ಇಡೀ ಪ್ರೋಗ್ರಾಮನ್ನು ನಿಮ್ಮ ಕಂಪ್ಯೂಟರಿನಲ್ಲೇ ಕಂಪೈಲ್ ಮಾಡಿಕೊಳ್ಳಬೇಕಿತ್ತು, ಅಂದರೆ ಸೋರ್ಸಿನಿಂದ ನಡೆಯುವ ಪ್ರೋಗ್ರಾಮ್ ಆಗಿಸಬೇಕಿತ್ತು. ಹಾಡು ರೆಕಾರ್ಡ್ ಮಾಡಲು ಕೂತ ಸಂಗೀತಗಾರನಿಗೆ ಕಂಪೈಲರ್ ಕಲಿ ಅಂದರೆ ಹೇಗೆ?

ಇಷ್ಟೆಲ್ಲ ಆದದ್ದು ಯಾವುದಕ್ಕಾಗಿ ಎಂದು ಹತ್ತಿರದಿಂದ ನೋಡಬೇಕು. ವಿಎಸ್‌ಟಿ 2 ಪ್ಲಗಿನ್ ಶುರುವಾದಾಗ ಹೋಸ್ಟಿನ ಕೈಗೆ ಒಂದು ಪಟ್ಟಿ ಕೊಡುತ್ತದೆ. ಪಟ್ಟಿಯ ಮೊದಲ 4 ಬೈಟಿನಲ್ಲಿ ‘ವಿ, ಎಸ್, ಟಿ, ಪಿ’ ಎಂಬ ಇಂಗ್ಲಿಷ್ ಅಕ್ಷರಗಳು, ನಾನು ವಿಎಸ್‌ಟಿ ಪ್ಲಗಿನ್ ಎಂಬ ಗುರುತಿಗೆ. ಆಮೇಲೆ ಕೆಲವು ವಿಳಾಸಗಳು: ಆದೇಶ ಕೊಡಬೇಕಾದರೆ ಇಲ್ಲಿ, ಧ್ವನಿ ಕಳಿಸಬೇಕಾದರೆ ಇಲ್ಲಿ, ಗುಂಡಿ ತಿರುಗಿಸಬೇಕಾದರೆ ಇಲ್ಲಿ. ಆಮೇಲೆ ಕೆಲವು ಅಂಕಿಗಳು: ಎಷ್ಟು ಗುಂಡಿ, ಎಷ್ಟು ಚಾನೆಲ್ ಒಳಗೆ, ಎಷ್ಟು ಹೊರಗೆ. ರಿವರ್ಬ್‌ನ ಗಣಿತವಾಗಲಿ, ಸಿಂಥಸೈಜರ್‌ನ ಜಾಣ್ಮೆಯಾಗಲಿ ಇದರಲ್ಲಿ ಒಂದು ಸಾಲೂ ಇಲ್ಲ. ಇದು ಗೋಡೆಯ ಸಾಕೆಟ್ಟಿನಲ್ಲಿ ಯಾವ ತೂತು ಎಷ್ಟು ದೂರ ಇರಬೇಕು ಎಂದು ಹೇಳುವ ಅಳತೆ ಚೀಟಿಯಂತೆ. ಆ ಚೀಟಿ ಹಂಚಬಾರದು ಎಂಬ ಷರತ್ತೇ ನನಗೆ ಈ ಕಥೆಯಲ್ಲಿ ಎಲ್ಲಕ್ಕಿಂತ ಅನ್ಯಾಯವಾಗಿ ಕಾಣುವುದು.

ಈ ಗಂಟನ್ನು ಬಿಡಿಸಿದ್ದು ಎಲ್‌ಎಮ್‌ಎಮ್‌ಎಸ್ ಎಂಬ ಮುಕ್ತ ಸಂಗೀತ ತಂತ್ರಾಂಶದ ಕಡೆಯವರು. 2006ರಲ್ಲಿ ಅವರು ವೆಸ್ಟೀಜ್ ಹೆಸರಿನ ಭಾಗ ಬರೆದರು. ಸ್ಟೈನ್‌ಬರ್ಗ್ ಹೆಡರ್ ಬಳಸದೆ, ಪ್ಲಗಿನ್‌ಗಳು ಮೆಮೊರಿಯಲ್ಲಿ ಯಾವ ಜಾಗದಲ್ಲಿ ಏನು ಇಡುತ್ತವೆ ಎಂದು ಗಮನಿಸಿ, ತಮ್ಮದೇ ಹೆಡರ್ ಕಟ್ಟಿದರು. ಆ ಫೈಲನ್ನು ಇವತ್ತಿಗೂ ತೆರೆದು ಓದಬಹುದು. ವೆಸ್ಟೀಜ್ ಕಂಪೈಲ್ ಆಗಲಿ, ಆಮೇಲೆ ಕೆಲಸ ಮಾಡಿದರೆ ಮಾಡಲಿ ಎಂಬಷ್ಟಕ್ಕೇ ಬರೆದ ಸರಳ ಹೆಡರ್ ಇದು ಎಂದು ಮೊದಲಲ್ಲೇ ಹೇಳಿಕೊಳ್ಳುತ್ತದೆ. ನಡುವೆ ಒಂದು ಕಡೆ ದಶಾಂಶ ಸಂಖ್ಯೆಯ ಜಾಗಕ್ಕೆ ‘ಗೊತ್ತಿಲ್ಲದ’ ಎಂದೇ ಹೆಸರು. ಇನ್ನು ಕೆಲವು ಬೈಟುಗಳಿಗೆ ‘ಖಾಲಿ’ ಎಂದು. ತಿಳಿದಷ್ಟನ್ನು ಬರೆದು, ತಿಳಿಯದ್ದನ್ನು ಹಾಗೇ ಬಿಟ್ಟ ಆ ಪುಟ್ಟ ಫೈಲು ಮುಂದೆ ಆರ್ಡೋರ್ ಸೇರಿದಂತೆ ಹಲವು ಕಡೆ ಬಳಕೆಗೆ ಬಂತು.

ಹೀಗೆ ಮಾಡುವುದು ಕಳ್ಳತನ ಎಂದು ಹೇಳುವವರು ಆಗಲೂ ಇದ್ದರು. ಕಾನೂನು ಅಷ್ಟು ಕಠಿಣವಾಗಿ ನೋಡುವುದಿಲ್ಲ. ಎರಡು ಪ್ರೋಗ್ರಾಮುಗಳು ಒಂದಕ್ಕೊಂದು ಹೊಂದಿಕೊಂಡು ನಡೆಯಲು ಬೇಕಾದ ಮಾಹಿತಿಗಾಗಿ ಕೋಡ್ ಬಿಚ್ಚಿ ನೋಡಲು ಯುರೋಪಿನ 1991ರ ಸಾಫ್ಟ್‌ವೇರ್ ನಿರ್ದೇಶನ ಅವಕಾಶ ಕೊಟ್ಟಿತ್ತು. ನಮ್ಮ ದೇಶದ ಕಾಪಿರೈಟ್ ಕಾಯ್ದೆಗೂ 1999ರ ತಿದ್ದುಪಡಿಯಲ್ಲಿ ಇಂಥದೇ ಸಾಲು ಸೇರಿತು. 52ನೇ ಸೆಕ್ಷನ್ನಿನಲ್ಲಿ ಅದು ಈಗಲೂ ಇದೆ. ನಮ್ಮ ಪ್ರೋಗ್ರಾಮರುಗಳಲ್ಲಿ ಎಷ್ಟು ಜನ ಅದನ್ನು ಓದಿದ್ದಾರೋ, ಓದಬೇಕು.

ಬೇರೆ ದಾರಿ ಹುಡುಕಿದವರೂ ಇದ್ದರು. ಲಿನಕ್ಸ್ ಆಡಿಯೊ ಪ್ರೋಗ್ರಾಮರುಗಳು 2000ದಲ್ಲಿ ಲ್ಯಾಡ್‌ಸ್ಪಾ ಎಂಬ ತಮ್ಮದೇ ಪ್ಲಗಿನ್ ವಿಧಾನ ತಂದರು. ಅದು ಬೇಕೆಂದೇ ತುಂಬ ಸರಳವಾಗಿತ್ತು. ಮುಂದೆ ಅದರ ಜಾಗಕ್ಕೆ ಎಲ್‌ವಿ2 ಬಂತು. ಎರಡೂ ಮುಕ್ತ. ಲಿನಕ್ಸ್‌ನಲ್ಲಿ ಚೆನ್ನಾಗೇ ನಡೆದವು. ಆದರೆ ದುಡ್ಡಿಗೆ ಮಾರುವ ಪ್ಲಗಿನ್ ಕಂಪನಿಗಳು ಅತ್ತ ತಿರುಗಿದ್ದು ಕಡಿಮೆ. ಅವರ ಗಿರಾಕಿಗಳೆಲ್ಲ ವಿಂಡೋಸ್ ಮತ್ತು ಮ್ಯಾಕ್‌ನಲ್ಲಿದ್ದರು.

2008ರಲ್ಲಿ ಸ್ಟೈನ್‌ಬರ್ಗ್ ವಿಎಸ್‌ಟಿ 3 ಹೊರತಂದಿತು. ಹೊಸದು ಹಳೆಯದಕ್ಕಿಂತ ತೊಡಕಿನದು, ಹಾಗಾಗಿ ಡೆವಲಪರುಗಳು ಹಳೆಯದನ್ನೇ ಹಿಡಿದುಕೊಂಡಿದ್ದರು. 2017ರಲ್ಲಿ ಕಂಪನಿ ಒಂದು ಹೆಜ್ಜೆ ಮುಂದೆ ಬಂತು. ವಿಎಸ್‌ಟಿ 3 ಎಸ್‌ಡಿಕೆಯನ್ನು ಬೇಕಾದರೆ ತನ್ನ ಒಪ್ಪಂದದಡಿ ಪಡೆಯಿರಿ, ಇಲ್ಲವೇ ಜಿಪಿಎಲ್ 3ರಡಿ ಪಡೆಯಿರಿ ಎಂದಿತು. ಇದು ದೊಡ್ಡ ಬದಲಾವಣೆ. ಆದರೂ ಒಂದು ಕೊಕ್ಕೆ ಇತ್ತು. ಜಿಪಿಎಲ್ 2 ಮಾತ್ರ ಎಂದು ಬರೆದ ಕೋಡಿನ ಜೊತೆ ಜಿಪಿಎಲ್ 3 ಕೋಡ್ ಬೆರೆಸಿ ಹಂಚುವ ಹಾಗಿಲ್ಲ. ‘2 ಅಥವಾ ನಂತರದ ಆವೃತ್ತಿ’ ಎಂದು ಬರೆದಿದ್ದವರು ಬಚಾವು. ಒಂದು ಪದಗುಚ್ಛದ ಮೇಲೆ ಒಂದು ಪ್ರಾಜೆಕ್ಟಿನ ದಾರಿ ನಿಂತಿತ್ತು.

ಮರುವರ್ಷ ಅದೇ ಕಂಪನಿ ಹಳೇ ಬಾಗಿಲು ಮುಚ್ಚಿತು. 2018ರ ಅಕ್ಟೋಬರಿನ ನಂತರ ಹೊಸಬರಿಗೆ ವಿಎಸ್‌ಟಿ 2 ಲೈಸೆನ್ಸ್ ಇಲ್ಲ. ಮುಂಚೆಯೇ ಸಹಿ ಹಾಕಿದವರು ಮುಂದುವರಿಯಬಹುದು. ಅಂದರೆ 2019ರಲ್ಲಿ ಕೆಲಸ ಶುರು ಮಾಡಿದ ಹುಡುಗನಿಗೆ, ಜಗತ್ತು ಜಾಸ್ತಿ ಬಳಸುತ್ತಿದ್ದ ಪ್ಲಗಿನ್ ವಿಧಾನದಲ್ಲಿ ಬರೆಯಲು ನೇರ ದಾರಿಯೇ ಉಳಿಯಲಿಲ್ಲ.

ಆಡಾಸಿಟಿಯ ದೊಡ್ಡ ಗಲಾಟೆ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಡೊಮಿನಿಕ್ ಮಾಜೋನಿ ಮತ್ತು ರೋಜರ್ ಡ್ಯಾನೆನ್‌ಬರ್ಗ್ 1999ರಲ್ಲಿ ಶುರು ಮಾಡಿದ ಸಾಫ್ಟ್‌ವೇರ್ ಇದು. ಎರಡು ದಶಕ ಸ್ವಯಂಸೇವಕರ ಕೈಯಲ್ಲಿ ಬೆಳೆಯಿತು. 2021ರ ವಸಂತದಲ್ಲಿ ಮ್ಯೂಸ್ ಗ್ರೂಪ್ ಅದನ್ನು ಕೊಂಡುಕೊಂಡಿತು. ಮೇ ತಿಂಗಳಲ್ಲಿ ಬಳಕೆಯ ಮಾಹಿತಿ ಸಂಗ್ರಹಿಸಲು ಗೂಗಲ್ ಮತ್ತು ಯಾಂಡೆಕ್ಸ್ ಸೇವೆ ಸೇರಿಸುವ ಪ್ರಸ್ತಾಪ ಬಂತು. ಜನ ಸಿಟ್ಟಾದರು, ಕಂಪನಿ ಪ್ರಸ್ತಾಪ ಕೈಬಿಟ್ಟಿತು. ಅದೇ ತಿಂಗಳು ಎರಡು ಹೊಸ ಸುದ್ದಿ ಬಂದವು. ಆಡಾಸಿಟಿ ಜಿಪಿಎಲ್ 3ಕ್ಕೆ ಹೋಗುತ್ತದೆ, ಮತ್ತು ಕೋಡ್ ಕೊಡುವವರು ಒಂದು ಒಪ್ಪಂದಕ್ಕೆ ಸಹಿ ಹಾಕಬೇಕು.

ಜಿಪಿಎಲ್ 3 ಯಾಕೆ? ಮುಖ್ಯವಾಗಿ ವಿಎಸ್‌ಟಿ 3ಗಾಗಿ. ಇದು ನ್ಯಾಯವಾದ ಕಾರಣ. 2022ರ ಸೆಪ್ಟೆಂಬರಿನಲ್ಲಿ ಬಂದ ಆಡಾಸಿಟಿ 3.2ರಲ್ಲಿ ವಿಎಸ್‌ಟಿ 3 ನಿಜಕ್ಕೂ ಬಂತು. ಜಗಳ ಇದ್ದದ್ದು ಒಪ್ಪಂದದ ಬಗ್ಗೆ. ಕಾಪಿರೈಟ್ ಬರೆದವರದ್ದೇ, ಆದರೆ ಆ ಕೋಡನ್ನು ಬೇರೆ ಲೈಸೆನ್ಸಿನಲ್ಲೂ ಬಳಸುವ ಹಕ್ಕು ಕಂಪನಿಗೆ. ಆಪ್ ಸ್ಟೋರುಗಳ ನಿಯಮಕ್ಕೂ ಜಿಪಿಎಲ್‌ಗೂ ಹೊಂದುವುದಿಲ್ಲ, ಅದಕ್ಕೆ ಬೇಕು ಎಂದು ಕಂಪನಿ ವಾದಿಸಿತು. ಸುಳ್ಳಲ್ಲ. ವಿಎಲ್‌ಸಿ ಪ್ಲೇಯರನ್ನು 2011ರ ಜನವರಿಯಲ್ಲಿ ಆಪಲ್ ತನ್ನ ಸ್ಟೋರಿನಿಂದ ತೆಗೆದದ್ದು ಇದೇ ತಕರಾರಿಗೆ. ಆದರೆ ವಿಎಲ್‌ಸಿಯವರು ಏನು ಮಾಡಿದರು? ಕೋಡ್ ಬರೆದವರನ್ನು ಹುಡುಕಿ ಹುಡುಕಿ ಒಪ್ಪಿಗೆ ಕೇಳಿದರು. ಬಹುಪಾಲು ಕೋಡಿನ ಲೈಸೆನ್ಸ್ ಬದಲಾಯಿಸಿ 2013ರಲ್ಲಿ ಸ್ಟೋರಿಗೆ ಮರಳಿದರು. ಬದಲಾವಣೆ ಏನು ಎಂದು ಒಪ್ಪಿಗೆ ಕೊಟ್ಟವರಿಗೆ ಮುಂಚೆಯೇ ಗೊತ್ತಿತ್ತು. ಮುಂದೆ ಯಾವ ಲೈಸೆನ್ಸೋ ತಿಳಿಯದೆ ಇವತ್ತೇ ಸಹಿ ಹಾಕುವುದು ಬೇರೆ ಮಾತು. ಸ್ವಯಂಸೇವಕನನ್ನು ಜಿಪಿಎಲ್ ಕಟ್ಟಿಹಾಕುತ್ತದೆ, ಕಂಪನಿಯನ್ನು ಕಟ್ಟಿಹಾಕುವುದಿಲ್ಲ. ವಿರೋಧಿಸಿದವರ ಈ ಮಾತು ನನಗೆ ಸರಿ ಅನ್ನಿಸುತ್ತದೆ.

ಜುಲೈಯಲ್ಲಿ ಬಂದ ಹೊಸ ಪ್ರೈವಸಿ ಪಾಲಿಸಿ ಬೆಂಕಿಗೆ ತುಪ್ಪ ಸುರಿಯಿತು. 13 ವರ್ಷಕ್ಕಿಂತ ಚಿಕ್ಕವರು ಬಳಸಬಾರದು ಎಂದು ಅದರಲ್ಲಿತ್ತು. ‘ಸ್ಪೈವೇರ್’ (ಬೇಹುಗಾರಿಕೆ ಸಾಫ್ಟ್‌ವೇರ್) ಎಂಬ ಶಬ್ದ ಎಲ್ಲ ಕಡೆ ಹರಡಿತು. ಅದು ಅತಿಯಾಯಿತು, ಕಂಪನಿ ಅದೇ ತಿಂಗಳು ಪಾಲಿಸಿ ತಿದ್ದಿ ಬರೆಯಿತು. ಆದರೆ ವಯಸ್ಸಿನ ಸಾಲು ಸಣ್ಣ ತಪ್ಪಲ್ಲ. ಹೊಸ ನಿರ್ಬಂಧ ಹೇರಬಾರದು ಎನ್ನುವ ಜಿಪಿಎಲ್‌ಗೆ ಅದು ನೇರ ವಿರುದ್ಧ. ಶಾಲೆಯ ಮಕ್ಕಳು ಕಲಿಯಲು ಬಳಸುವ ಸಾಫ್ಟ್‌ವೇರ್ ಅದು.

ಇಂಥ ತಪ್ಪು ಕಂಪನಿಗಳದ್ದು ಮಾತ್ರ ಎಂದುಕೊಳ್ಳಬೇಡಿ. ಲಿನಕ್ಸ್‌ಸ್ಯಾಂಪ್ಲರ್ ಎಂಬ ಪ್ರಾಜೆಕ್ಟ್ ಜಿಪಿಎಲ್ ಹಾಕಿಕೊಂಡು, ಅದರ ಪಕ್ಕದಲ್ಲೇ ಅನುಮತಿಯಿಲ್ಲದೆ ವ್ಯಾಪಾರಿ ಸಾಫ್ಟ್‌ವೇರ್ ಅಥವಾ ಹಾರ್ಡ್‌ವೇರ್‌ನಲ್ಲಿ ಬಳಸಬಾರದು ಎಂದು ಸೇರಿಸಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಬೇರೆಯವರು ನಮ್ಮ ಶ್ರಮದಿಂದ ದುಡ್ಡು ಮಾಡಿಕೊಳ್ಳುತ್ತಾರೆ ಎಂಬ ನೋವು ಅರ್ಥವಾಗುತ್ತದೆ. ಆದರೆ ಇದನ್ನು ಮುಕ್ತ ತಂತ್ರಾಂಶ ಎಂದು ಹಂಚಲು ಡೆಬಿಯನ್ ಎಂಬ ಲಿನಕ್ಸ್ ಆವೃತ್ತಿಯವರು ಒಪ್ಪಲಿಲ್ಲ.

ಆಡಾಸಿಟಿ ಗಲಾಟೆಯಿಂದ ಟೆನಾಸಿಟಿಯಂಥ ಕವಲುಗಳು, ಅಂದರೆ ಅದೇ ಕೋಡಿನಿಂದ ಬೇರೆಯವರು ಕಟ್ಟಿದ ಸಾಫ್ಟ್‌ವೇರ್‌ಗಳು, ಹುಟ್ಟಿದವು. ಹೆಸರಿನ ವಿಷಯಕ್ಕೇ ಜಗಳವಾಗಿ, ಕೆಲಸ ಹೊತ್ತವರೊಬ್ಬರು ಕಿರುಕುಳ ತಾಳಲಾರದೆ ಹೊರಟೂ ಹೋದರು. ಲೈಸೆನ್ಸಿನ ಪ್ರಶ್ನೆ ಎತ್ತುವುದು ಬೇರೆ, ಮನುಷ್ಯರನ್ನು ಬೆನ್ನಟ್ಟುವುದು ಬೇರೆ.

ಇತ್ತ ಪ್ಲಗಿನ್ ಲೋಕದಲ್ಲಿ ಗಾಳಿ ಬದಲಾಗಿತ್ತು. 2022ರ ಜನವರಿಯಲ್ಲಿ ಸ್ಟೈನ್‌ಬರ್ಗ್ ತನ್ನ ಸಾಫ್ಟ್‌ವೇರ್‌ಗಳಿಂದಲೂ ವಿಎಸ್‌ಟಿ 2 ತೆಗೆಯುವುದಾಗಿ ಹೇಳಿತು. ಜೂನಿನಲ್ಲಿ ಬರ್ಲಿನ್ನಿನ ಬಿಟ್‌ವಿಗ್ ಮತ್ತು ಯು-ಹೀ ಕಂಪನಿಗಳು ಕ್ಲಾಪ್ ಎಂಬ ಹೊಸ ಪ್ಲಗಿನ್ ವಿಧಾನವನ್ನು ಎಂಐಟಿ ಎಂಬ ತುಂಬ ಸಡಿಲ ಲೈಸೆನ್ಸಿನಡಿ ಬಿಡುಗಡೆ ಮಾಡಿದವು. ಸಹಿ ಬೇಡ, ಒಪ್ಪಂದ ಬೇಡ. ಈ ಸಲ ಮುಕ್ತ ಲೈಸೆನ್ಸ್ ತಂದವರು ದುಡ್ಡಿಗೆ ಮಾರುವ ಕಂಪನಿಗಳೇ. ಇನ್ನೊಬ್ಬರ ಅಂಗಳದಲ್ಲಿ ಮನೆ ಕಟ್ಟಿದರೆ ಏನಾಗುತ್ತದೆ ಎಂದು 2018 ಅವರಿಗೂ ಕಲಿಸಿತ್ತು.

2025ರ ಅಕ್ಟೋಬರಿನಲ್ಲಿ ಸ್ಟೈನ್‌ಬರ್ಗ್ ವಿಎಸ್‌ಟಿ 3.8 ಅನ್ನು ಎಂಐಟಿ ಲೈಸೆನ್ಸಿನಡಿ ಬಿಟ್ಟಿತು. ಜಿಪಿಎಲ್ 2ರವರ ತೊಡಕೂ ತೀರಿತು. ವಿಂಡೋಸ್‌ನಲ್ಲಿ ಧ್ವನಿ ತಡವಾಗದಂತೆ ನೋಡಿಕೊಳ್ಳುವ ಎಎಸ್‌ಐಒಗೆ ಜಿಪಿಎಲ್ 3 ಆಯ್ಕೆ ಸಿಕ್ಕಿತು. ಅಲ್ಲಿಯವರೆಗೆ ಎಎಸ್‌ಐಒ ಸೇರಿಸಿ ಆಡಾಸಿಟಿಯನ್ನು ನಿಮಗೋಸ್ಕರ ಕಂಪೈಲ್ ಮಾಡಿಕೊಳ್ಳಬಹುದಿತ್ತು, ಗೆಳೆಯರಿಗೆ ಕೊಡುವ ಹಾಗಿರಲಿಲ್ಲ. ತಡವಾದರೂ ಇದು ಒಳ್ಳೆಯ ಕೆಲಸ. ಸ್ಟೈನ್‌ಬರ್ಗ್‌ಗೆ ಅಭಿನಂದನೆ ಸಲ್ಲಬೇಕು.

ಆದರೆ ವಿಎಸ್‌ಟಿ 2 ಇನ್ನೂ ಬೀಗದೊಳಗೇ ಇದೆ. ಬರೆದವರು ಬಿಟ್ಟುಹೋದ, ಕಂಪನಿಯೇ ಮುಚ್ಚಿದ ಎಷ್ಟೋ ಪ್ಲಗಿನ್‌ಗಳು ಆ ವಿಧಾನದಲ್ಲಿ ಮಾತ್ರ ಉಳಿದಿವೆ. ಅವುಗಳಲ್ಲಿ ಮಾಡಿದ ಹಾಡಿನ ಪ್ರಾಜೆಕ್ಟನ್ನು 10 ವರ್ಷದ ಮೇಲೆ ತೆರೆಯಬೇಕೆಂದರೆ ಅದನ್ನು ನಡೆಸಬಲ್ಲ ಹೋಸ್ಟ್ ಬೇಕು. ಮುಕ್ತ ಹೋಸ್ಟುಗಳಿಗೆ ಇವತ್ತಿಗೂ ವೆಸ್ಟೀಜ್‌ನಂಥ ಊಹೆಯ ಹೆಡರೇ ಗತಿ. ಸ್ಟೈನ್‌ಬರ್ಗ್ ಆ ವಿಧಾನವನ್ನು ಮಾರುತ್ತಿಲ್ಲ, ಬೆಳೆಸುತ್ತಿಲ್ಲ, ಹೊಸಬರಿಗೆ ಕೊಡುತ್ತಲೂ ಇಲ್ಲ. ವಿಎಸ್‌ಟಿ 3ಕ್ಕೆ ಹಾಕಿದ ಎಂಐಟಿ ಲೈಸೆನ್ಸನ್ನೇ ಹಳೆಯ ಹೆಡರ್ ಫೈಲುಗಳಿಗೂ ಹಾಕಿದರೆ ಕಂಪನಿಗೆ ಹೋಗುವುದು ಏನೂ ಇಲ್ಲ. ಮುಕ್ತ ಆಡಿಯೊ ಸಮುದಾಯ ಈಗ ಒಟ್ಟಾಗಿ ಕೇಳಬೇಕಾದದ್ದು ಇದನ್ನೇ.