ಕಣ್ಣು ಕೊಡುವುದು ಮನೆಯವರ ಕೈಯಲ್ಲಿದೆ

2021ರ ಜೂನ್‌ನಲ್ಲಿ ಬೈಕ್ ಅಪಘಾತವಾಗಿ ನಟ ಸಂಚಾರಿ ವಿಜಯ್ ಅವರ ಮೆದುಳು ನಿಷ್ಕ್ರಿಯವಾದಾಗ, ಮನೆಯವರು ಅವರ ಅಂಗಾಂಗಗಳನ್ನು ದಾನ ಮಾಡಿದರು. ಅದೇ ವರ್ಷ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ದಾನವಾಗಿದ್ದು ಕಣ್ಣುಗಳು. ಯಾಕೆ ಹೀಗೆ?

ಹೃದಯ, ಲಿವರ್, ಕಿಡ್ನಿಗೆ ರಕ್ತ ಹರಿಯುತ್ತಲೇ ಇರಬೇಕು. ಮೆದುಳು ಸತ್ತಿದ್ದರೂ ವೆಂಟಿಲೇಟರ್ ನೆರವಿನಲ್ಲಿ ಹೃದಯ ಬಡಿಯುತ್ತಿದ್ದರೆ ಅವನ್ನು ಬೇರೆಯವರಿಗೆ ಜೋಡಿಸಬಹುದು. ಹೃದಯವೇ ನಿಂತುಹೋದರೆ ಬೇಗ ಕೆಡುತ್ತವೆ. ಕಾರ್ನಿಯಾ ಹಾಗಲ್ಲ. ಕಣ್ಣಿನ ಮುಂಭಾಗದ ಈ ಪಾರದರ್ಶಕ ಪದರದ ದಪ್ಪ ಸುಮಾರು ಅರ್ಧ ಮಿಲಿಮೀಟರ್. ಅದರಲ್ಲಿ ರಕ್ತನಾಳಗಳೇ ಇಲ್ಲ, ಆಮ್ಲಜನಕ ಹೆಚ್ಚಾಗಿ ಗಾಳಿಯಿಂದಲೇ ಸಿಗುತ್ತದೆ. ಅದಕ್ಕೇ ಹೃದಯ ನಿಂತ ಮೇಲೂ ಕೆಲವು ಗಂಟೆ ಚೆನ್ನಾಗಿರುತ್ತದೆ. ಮನೆಯಲ್ಲೇ ತೀರಿಕೊಂಡ ಅಜ್ಜಿಯೂ ಕಣ್ಣು ಕೊಡಬಹುದು. ಸಾಮಾನ್ಯವಾಗಿ ಬ್ಲಡ್ ಗ್ರೂಪ್ ಹೊಂದಬೇಕೆಂದೂ ಇಲ್ಲ.

ಕಾರ್ನಿಯಾದ ಹಿಂಬದಿಯಲ್ಲಿ ಒಂದೇ ಸಾಲು ಜೀವಕೋಶಗಳಿವೆ. ಒಳಗೆ ಸೇರುವ ನೀರನ್ನು ಸದಾ ಹೊರಹಾಕುವುದು ಅವುಗಳ ಕೆಲಸ. ಅವು ಸತ್ತರೆ ಮತ್ತೆ ಹುಟ್ಟುವುದಿಲ್ಲ ಎನ್ನಬಹುದು. ತುಂಬಾ ಕಮ್ಮಿಯಾದರೆ ಕಾರ್ನಿಯಾ ಊದಿಕೊಂಡು ಮಂಜಾಗುತ್ತದೆ. ಕೆಲವರಿಗೆ ಈ ಹಿಂಬದಿ ಮಾತ್ರ ಹಾಳಾಗಿರುತ್ತದೆ, ಇನ್ನು ಕೆಲವರಿಗೆ ಮುಂಭಾಗ. ಪುನೀತ್ ಅವರ ಒಂದೊಂದು ಕಾರ್ನಿಯಾವನ್ನೂ ಬೆಂಗಳೂರಿನ ನಾರಾಯಣ ನೇತ್ರಾಲಯದ ವೈದ್ಯರು ಮುಂದಿನ ಪದರ, ಹಿಂದಿನ ಪದರ ಎಂದು ಬಿಡಿಸಿದರು. ಎರಡು ಕಣ್ಣು ನಾಲ್ವರಿಗೆ ಸಿಕ್ಕಿತು. ಅಷ್ಟು ತೆಳುವಾದ ಪದರವನ್ನು ಇಬ್ಬರಿಗೆ ಹಂಚುವ ಕೈಚಳಕ ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಆ ಜೀವಕೋಶಗಳು ಸಾಯುವ ಮೊದಲೇ ಕಣ್ಣು ಪಡೆಯಬೇಕು, ಸಾಮಾನ್ಯವಾಗಿ ಆರು ಗಂಟೆಯೊಳಗೆ. ಸಾವಿನ ಮನೆಯಲ್ಲಿ ಆರು ಗಂಟೆ ಹೋಗಿದ್ದೇ ಗೊತ್ತಾಗುವುದಿಲ್ಲ, ಅಲ್ವಾ? ಪರ್ಸ್‌ನಲ್ಲಿ ದಾನಿಯ ಕಾರ್ಡ್ ಸುಮ್ನೆ ಇದ್ದರೆ ಸಾಲದು. ಆ ಹೊತ್ತಿಗೆ ಫೋನ್ ಮಾಡಬೇಕಾದವರು, ಒಪ್ಪಿಗೆಗೆ ಸಹಿ ಹಾಕಬೇಕಾದವರು ಮನೆಯವರು. ಅವರಿಗೆ ನಿಮ್ಮ ಆಸೆ ಗೊತ್ತಿರಬೇಕು. ಮುಖ ವಿಕಾರವಾಗುತ್ತದೆ ಎಂಬ ಭಯವನ್ನೂ ಈಗಲೇ ಮಾತಾಡಿ ಬಿಡಿಸಿ: ಕಣ್ಣು ಪಡೆದ ಮೇಲೆ ರೆಪ್ಪೆ ಮುಚ್ಚುತ್ತಾರೆ, ನೋಡುವವರಿಗೆ ವ್ಯತ್ಯಾಸ ಕಾಣುವುದಿಲ್ಲ. ಕನ್ನಡಕ, ಸಕ್ಕರೆ ಕಾಯಿಲೆ, ಪೊರೆ ಆಪರೇಷನ್ ಯಾವುದೂ ಅಡ್ಡಿಯಲ್ಲ. ಕಾರ್ಡ್ ಮಾಡಿಸದೆ ತೀರಿಕೊಂಡವರ ಕಣ್ಣನ್ನೂ ಮನೆಯವರು ಕೊಡಬಹುದು.

ಸಾವು ಖಚಿತವಾದ ಕೂಡಲೇ ಹತ್ತಿರದ ನೇತ್ರ ಬ್ಯಾಂಕಿಗೆ ಫೋನ್ ಮಾಡಿ. ತಂಡ ಬರುವವರೆಗೆ ರೆಪ್ಪೆ ಮುಚ್ಚಿ ಮೇಲೆ ಒದ್ದೆ ಹತ್ತಿ ಇಡಿ, ತಲೆಯ ಕೆಳಗೆ ದಿಂಬು ಕೊಡಿ, ಫ್ಯಾನ್ ಆರಿಸಿ. ಗಾಳಿಗೆ ಕಾರ್ನಿಯಾ ಒಣಗಿಬಿಡುತ್ತದೆ.