ಅಗ್ನಿಶಿಖೆ: ಹೆಸರಿಗೆ ಮಾತ್ರ ಲಿಲ್ಲಿ

ಮಳೆಗಾಲದಲ್ಲಿ ಕಾಸರಗೋಡಿನ ಕುಂಬಳೆ, ಬದಿಯಡ್ಕ ಕಡೆ ಬೇಲಿಯ ಪೊದೆಗಳ ನಡುವೆ ಕೆಂಪು-ಹಳದಿ ಹೂವೊಂದು ತಲೆ ಹಾಕುತ್ತದಲ್ಲ, ಅದೇ ಅಗ್ನಿಶಿಖೆ. ಗೌರಿ ಹೂ ಅಂತಲೂ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಗ್ಲೋರಿ ಲಿಲ್ಲಿ. ಮಲಯಾಳದಲ್ಲಿ ಮೇಂತೋನ್ನಿ. ತಮಿಳಿನಲ್ಲಿ ಕಾಂದಳ್, ತಮಿಳುನಾಡಿನ ರಾಜ್ಯಪುಷ್ಪವೂ ಇದೇ. ಹಳೆಯ ತಮಿಳಿನ ಸಂಗಂ ಕವಿಗಳು ಇದನ್ನು ಹೆಣ್ಣಿನ ಬೆರಳಿಗೆ ಹೋಲಿಸಿದ್ದಾರೆ. ನನಗಂತೂ ಒಲೆಯ ಉರಿಯೇ ಕಾಣುವುದು.

ವೈಜ್ಞಾನಿಕ ಹೆಸರು ಗ್ಲೋರಿಯೋಸಾ ಸುಪರ್ಬಾ, 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಕೊಟ್ಟದ್ದು. ಹಳೇ ಪುಸ್ತಕದಲ್ಲಿ ಕುಟುಂಬ ಲಿಲಿಯೇಸಿ (ಲಿಲ್ಲಿಗಳ ಕುಟುಂಬ) ಅಂತ ಇದ್ದರೆ ತಿದ್ದಿಕೊಳ್ಳಿ, ಈಗ ಕಾಲ್ಚಿಕೇಸಿ. ಅಸಲಿ ಲಿಲ್ಲಿ ಬೇಕಾದರೆ ನೀಲಗಿರಿ ಲಿಲ್ಲಿ ಇದೆ, ಉದ್ದ ಕಹಳೆಯಂಥ ಬಿಳಿ ಹೂ. ಅದರ ಗೆಡ್ಡೆ ಎಸಳೆಸಳು. ಅಗ್ನಿಶಿಖೆಯದು ನೇಗಿಲಿನ ಹಾಗೆ ಬಾಗಿದ ಗೆಡ್ಡೆ. ಸಂಸ್ಕೃತದ ಲಾಂಗಲಿ ಎಂಬ ಹೆಸರಿನಲ್ಲೂ ಇರುವುದು ನೇಗಿಲೇ.

ಪರೀಕ್ಷೆಯಲ್ಲಿ ನಾನು ಅಂಕ ಕಳೆದುಕೊಂಡದ್ದು ಬಳ್ಳಿ ಆಸರೆ ಹಿಡಿಯುವ ಸುರುಳಿಯಲ್ಲಿ, ಅಂದರೆ ಟೆಂಡ್ರಿಲ್‌ನಲ್ಲಿ. ಟೆಂಡ್ರಿಲ್ ಅಂದ ತಕ್ಷಣ ಕಾಂಡದ ಮಾರ್ಪಾಡು ಅಂತ ಬರೆದುಬಿಟ್ಟಿದ್ದೆ. ಅದು ಮುಳ್ಳುಸೌತೆಗೆ ಸರಿ. ಅಲ್ಲಿ ಸುರುಳಿ ಹೊರಡುವುದು ಎಲೆಯ ಕಂಕುಳಿನಿಂದ. ಅಗ್ನಿಶಿಖೆಯ ಎಲೆ ಹಿಡಿದು ತುದಿಯ ತನಕ ಬೆರಳು ಜಾರಿಸಿ ನೋಡಿ: ಎಲೆಯೇ ಸಪೂರವಾಗುತ್ತಾ ಹೋಗಿ ಕೊನೆಗೆ ಸುರುಳಿಯಾಗುತ್ತದೆ. ಅಂದರೆ ಇಲ್ಲಿ ಮಾರ್ಪಟ್ಟದ್ದು ಎಲೆಯ ತುದಿ.

ಇನ್ನು ಹೂ. ತೊಟ್ಟು ಬಾಗಿ ಹೂ ಕೆಳಮುಖವಾಗಿ ನೇತಾಡುತ್ತದೆ. ಆದರೆ ಎಸಳುಗಳು ಹಿಂದಕ್ಕೆ ಮಡಚಿ ಮೇಲಕ್ಕೆ ನಿಲ್ಲುತ್ತವೆ. ಹೊರಗಿನ ಹಸಿರು ಪುಷ್ಪಪತ್ರ, ಒಳಗಿನ ಬಣ್ಣದ ದಳ ಅಂತ ಬೇರೆ ಬೇರೆ ಇಲ್ಲ. ಆರೂ ಒಂದೇ ಥರ, ಅಂಚು ಅಲೆಅಲೆ, ಹಾಗಾಗಿ ಟೆಪಲ್ ಅಂತಲೇ ಬರೆಯಬೇಕು. ಅರಳುವಾಗ ಹಸಿರು ಛಾಯೆಯ ಹಳದಿ. ಆಮೇಲೆ ತುದಿಯಿಂದ ಕೆಂಪು ಇಳಿಯುತ್ತದೆ, ಕೊನೆಗೆ ಪೂರ್ತಿ ಕೆಂಪು. ಒಂದೇ ಬಳ್ಳಿಯಲ್ಲಿ ಎರಡು ಬಣ್ಣ ಕಂಡರೆ ಎರಡು ಜಾತಿ ಅಂತ ತಿಳಿಯಬೇಡಿ, ವಯಸ್ಸು ಬೇರೆ ಅಷ್ಟೆ.

ಪರಾಗ ಹೊತ್ತ ಆರು ಕೇಸರಗಳು ಸುತ್ತಲೂ ಚಾಚಿಕೊಂಡಿರುತ್ತವೆ. ಹೂವಿನ ಹೆಣ್ಣು ಭಾಗದ ಕಡ್ಡಿ, ಅಂದರೆ ಶಲಾಕೆ, ಮಾತ್ರ ಬುಡದಲ್ಲೇ ಮುರಿದ ಹಾಗೆ ಪಕ್ಕಕ್ಕೆ ಬಾಗಿರುತ್ತದೆ. ನಾನು ಮೊದಲು ಮಳೆಗೆ ಮುರಿದದ್ದು ಅಂದುಕೊಂಡಿದ್ದೆ! ತನ್ನದೇ ಪರಾಗ ಶಲಾಕೆಯ ತುದಿಗೆ (ಶಲಾಕಾಗ್ರಕ್ಕೆ) ಸುಲಭವಾಗಿ ತಾಗದಿರಲು ಈ ಬಾಗು. ಚಿಟ್ಟೆ ಬಂದು ಬುಡದ ಮಕರಂದ ಹೀರುವಾಗ ರೆಕ್ಕೆಗೆ ಪರಾಗ ಹತ್ತಿಕೊಳ್ಳುತ್ತದೆ.

ಗಿಡ ಇಡೀ ವಿಷ, ಗೆಡ್ಡೆ ಮತ್ತು ಬೀಜದಲ್ಲಂತೂ ಜಾಸ್ತಿ. ಕಾರಣ ಕಾಲ್ಚಿಸಿನ್ ಎಂಬ ರಾಸಾಯನಿಕ. ಗೆಣಸು ಅಂತ ಈ ಗೆಡ್ಡೆ ತಿಂದು ಸತ್ತವರಿದ್ದಾರೆ. ಜೀವಕೋಶ ಎರಡಾಗಿ ಒಡೆಯುವಾಗ ಕ್ರೋಮೋಸೋಮುಗಳನ್ನು (ವಂಶವಾಹಿ ಹೊತ್ತ ಎಳೆಗಳನ್ನು) ಎರಡು ಕಡೆಗೆ ಎಳೆಯುವ, ಕದಿರಿನಾಕಾರದ ಎಳೆಗಳ ಕಟ್ಟನ್ನೇ ಕಾಲ್ಚಿಸಿನ್ ಕಟ್ಟಲು ಬಿಡುವುದಿಲ್ಲ. ಅದಕ್ಕೇ ತಳಿ ತಯಾರಿಸುವವರು ಕ್ರೋಮೋಸೋಮು ಇಮ್ಮಡಿ ಮಾಡಲು ಬಳಸುವುದೂ ಇದನ್ನೇ. ಗೌಟ್ ಎಂಬ ಕೀಲುನೋವಿಗೆ ಮದ್ದೂ ಹೌದು, ಹಾಗಾಗಿ ತಮಿಳುನಾಡಿನ ದಿಂಡುಗಲ್, ಕರೂರು ಕಡೆ ಬೀಜಕ್ಕಾಗಿ ಈ ಬಳ್ಳಿಯನ್ನು ಹೊಲದಲ್ಲೇ ಬೆಳೆಯುತ್ತಾರೆ. ಹೂ ಬಿಡಿಸಿ ಚಿತ್ರ ಬರೆದಾದ ಮೇಲೆ ಸೋಪು ಹಾಕಿ ಕೈ ತೊಳೆದುಕೊಳ್ಳಿ, ಆಮೇಲೆ ಊಟ.